ಜಮೀನಿಗೆ ಶಿಫ್ಟ್ ಆಗ್ತಾ ಆಗ್ತಾನೇ ಸಂಗಾತಿ ಹುಡುಕೋ ಆಪ್‌ಗೆ ಆರು ತಿಂಗಳು ದುಡ್ಡು ಕಟ್ಟಿದೆ, ಹೇಗಿತ್ತು ಅಂದ್ರೆ

ಐದಕ್ಕೆ ಎರಡೂವರೆ ಸ್ಟಾರ್. ಆಪ್ ಹೆಸರು ಹಾಕಲ್ಲ, ಯಾಕಂದ್ರೆ ರಿನ್ಯೂವಲ್ ದುಡ್ಡಿನ ವಿಷಯದಲ್ಲಿ ನಂದೂ ಅವರದ್ದೂ ಜಗಳ ಇನ್ನೂ ನಡೀತಿದೆ, ಅಲ್ದೆ ನಾನು ಬರೀತಿರೋದ್ರಲ್ಲಿ ಮುಕ್ಕಾಲು ಭಾಗ ಇಂಥ ಯಾವ ಸರ್ವೀಸ್‌ಗೆ ಬೇಕಾದ್ರೂ ಹೊಂದುತ್ತೆ. ಪ್ರಕೃತಿ ಜೊತೆ ಬದುಕೋ ಆಸೆ ಇರೋರಿಗೆ ಅಂತ್ಲೇ ಮಾಡಿದೀವಿ ಅಂತ ಹೇಳ್ಕೊಂಡು ಬಂದಿರೋ ಆಪ್ ಇದು. ಫ್ರೀ ಅಕೌಂಟಲ್ಲಿ ಪ್ರೊಫೈಲ್ ನೋಡಬಹುದು, ಮೆಸೇಜ್ ಮಾಡಬೇಕು ಅಂದ್ರೆ ಪ್ಯಾಕೇಜ್ ತಗೋಬೇಕು, ಮೇಲಿನ ಪ್ಯಾಕೇಜ್ ತಗೊಂಡ್ರೆ ಫೋನ್ ಮಾಡಿ ಮಾತಾಡೋಕೆ ಒಬ್ರು ರಿಲೇಶನ್‌ಶಿಪ್ ಮ್ಯಾನೇಜರ್‌ನೂ ಕೊಡ್ತಾರೆ. ನಾನು ಮೇಲಿಂದನ್ನೇ ತಗೊಂಡೆ, ಜೀವನದ ಪ್ರಶ್ನೆ ಅಲ್ವಾ ಅಂತ.

ನನ್ನ ಪರಿಸ್ಥಿತಿ ಹೇಳಿಬಿಡ್ತೀನಿ, ಇಲ್ದಿದ್ರೆ ಮುಂದಿಂದು ಅರ್ಥ ಆಗಲ್ಲ. ಮೂವತ್ತಾರು ವಯಸ್ಸು, ಹೆಣ್ಣು, ಒಬ್ಬಳೇ. ಎರಡು ಎಕರೆ ತಗೊಂಡಾಗಿದೆ, ಮನೆ ಅಂದ್ರೆ ಸದ್ಯಕ್ಕೆ ಒಂದು ಶೀಟಿನ ಶೆಡ್ಡು, ಕರೆಂಟು ಬಂದಾಗ ಬಂತು ಹೋದಾಗ ಹೋಯ್ತು, ನೀರಿಗೆ ಹಳೇ ಬಾವಿ. ಕೆಲಸಕ್ಕೆ ರಾಜೀನಾಮೆ ಕೊಟ್ಟು ನೋಟಿಸ್ ಪೀರಿಯಡ್‌ನಲ್ಲಿ ಇದ್ದಾಗ ಆಪ್‌ಗೆ ಸೇರಿದ್ದು, ಅಂದ್ರೆ ಅರ್ಧ ಸಾಮಾನು ಸಿಟಿ ಮನೇಲಿ ಅರ್ಧ ಶೆಡ್ಡಲ್ಲಿ, ಸ್ಕ್ರೂಡ್ರೈವರ್ ಬೇಕಾದಾಗೆಲ್ಲ ಅದು ಇನ್ನೊಂದು ಕಡೆ ಇರೋದು. ನನ್ನ ಫ್ರೆಂಡ್ ನಕ್ಕಳು, "ಮನೆ ಕಟ್ಟಿ ನೋಡು ಮದುವೆ ಮಾಡಿ ನೋಡು ಅಂತ ಗಾದೆ ಇರೋದು ಒಂದೊಂದಾಗಿ ನೋಡ್ಲಿ ಅಂತ ಕಣೇ, ನೀನು ಎರಡನ್ನೂ ಒಟ್ಟಿಗೆ ನೋಡೋಕೆ ಹೊರಟಿದೀಯ."

ಸೈನ್ ಅಪ್ ಇಂದಾನೇ ಶುರು. ಉದ್ಯೋಗ ಅಂತ ಒಂದು ಕಾಲಂ, ಅದರಲ್ಲಿ ಡಾಕ್ಟರು ಎಂಜಿನಿಯರು ಎಲ್ಲಾ ಮುಗಿದು ಕೊನೆಗೆ "ಕೃಷಿ" ಇದೆ, ಖುಷಿಯಾಗಿ ಒತ್ತಿದೆ, ಒತ್ತಿದ ತಕ್ಷಣ ವಾರ್ಷಿಕ ಆದಾಯ ಕೇಳ್ತು. ಇನ್ನೂ ಒಂದು ಸೊಪ್ಪು ಕೂಡ ಕಿತ್ತಿಲ್ಲ ರೀ, ಏನಂತ ಹಾಕ್ಲಿ. ಸೊನ್ನೆ ಹಾಕಿದ್ರೆ ತಗೊಳಲ್ಲ. ಹಳೇ ಸಂಬಳ ಹಾಕಿದ್ರೆ ಸುಳ್ಳು. ಕೊನೆಗೆ "ಇತರೆ" ಅಂತ ಹಾಕಿದೆ, ಅಲ್ಲಿಂದ ಆರು ತಿಂಗಳೂ ನಾನು ಇತರೆ. ಫೋಟೋ ಕಥೆ ಬೇರೆ, ಬಾವಿಕಟ್ಟೆ ಹತ್ರ ಗಮ್‌ಬೂಟ್ ಹಾಕ್ಕೊಂಡು ತಲೆಗೆ ಟವೆಲ್ ಸುತ್ಕೊಂಡು ನಿಂತಿರೋ ಫೋಟೋ ಹಾಕಿದೆ, ನಿಜವಾಗ್ಲೂ ನಾನು ಈಗ ಇರೋದೇ ಹಾಗೆ, ಮುಖ ಸ್ಪಷ್ಟ ಇಲ್ಲ ಅಂತ ರಿಜೆಕ್ಟ್ ಆಯ್ತು. ನಾಲ್ಕು ವರ್ಷದ ಹಿಂದೆ ಯಾರದ್ದೋ ಫಂಕ್ಷನ್‌ನಲ್ಲಿ ತೆಗ್ಸಿದ್ದನ್ನ ಹಾಕಿದೆ, ಎರಡು ನಿಮಿಷಕ್ಕೆ ಅಪ್ರೂವ್.

ದೊಡ್ಡ ತಲೆನೋವು ಲೊಕೇಶನ್. ಈ ಆಪ್‌ಗಳೆಲ್ಲ ನೀವು ಎಲ್ಲಿದೀರ ಅಂತ ಫೋನಿಂದ ತಿಳ್ಕೊಂಡು ಸುತ್ತಲೂ ಇಷ್ಟು ಕಿಲೋಮೀಟರ್ ಅಂತ ಒಂದು ವೃತ್ತ ಎಳೀತವೆ. ಒಂದೇ ಊರಲ್ಲಿ ಇರೋರಿಗೆ ಸರಿ, ಊರು ಬಿಡ್ತಿರೋರಿಗೆ? ಸಿಟೀಲಿ ಕೂತು ಓಪನ್ ಮಾಡಿದ್ರೆ ಸಾಲು ಸಾಲು ಪ್ರೊಫೈಲ್, ಎಲ್ಲರೂ ಸಿಟಿಯವರೇ, ಎಲ್ಲರಿಗೂ ಪ್ರಕೃತಿ ಇಷ್ಟ. ಜಮೀನಲ್ಲಿ ಕೂತು 50 ಕಿಲೋಮೀಟರ್ ವೃತ್ತ ಇಟ್ರೆ ಬಂದಿದ್ದು ಮೂರು ಪ್ರೊಫೈಲ್, ಅದರಲ್ಲಿ ಒಂದು ವರ್ಷದಿಂದ ಆಪ್ ತೆಗ್ದೇ ಇಲ್ಲ, ಇನ್ನೊಂದು ಯಾರೋ ದಾರೀಲಿ ಹೋಗೋವಾಗ ಲಾಗಿನ್ ಆಗಿದ್ದು. "ನಾನು ಈಗ ಇಲ್ಲಿದೀನಿ, ಅಲ್ಲಿಗೆ ಹೋಗ್ತಿದೀನಿ, ಅಲ್ಲಿಗೆ ಬರೋಕೆ ಒಪ್ಪೋರು ಯಾವ ಊರಲ್ಲಿದ್ರೂ ಪರವಾಗಿಲ್ಲ" ಅಂತ ಹೇಳೋಕೆ ಒಂದು ಬಟನ್ ಬೇಡ್ವಾ? ಇಂಥವರಿಗೆ ಅಂತ್ಲೇ ಮಾಡಿರೋ ಆಪಲ್ಲಿ ಅದೇ ಇಲ್ಲ. ಪ್ರೊಫೈಲ್ ಬರಹದ ಮೊದಲ ಸಾಲಲ್ಲೇ ಅದನ್ನ ಟೈಪ್ ಮಾಡ್ಕೊಂಡೆ, ಆಮೇಲೆ ಸ್ವಲ್ಪ ಸರಿಹೋಯ್ತು, ಯಾರಾದ್ರೂ ಇದನ್ನ ಟ್ರೈ ಮಾಡೋರಿದ್ರೆ ಮೊದಲ ದಿನಾನೇ ಹಾಗೆ ಮಾಡಿ.

ರಿಲೇಶನ್‌ಶಿಪ್ ಮ್ಯಾನೇಜರ್ ಬಗ್ಗೆ. ಒಳ್ಳೇ ಹುಡುಗಿ, ಮಾತು ಚೆನ್ನಾಗಿ ಆಡ್ತಾಳೆ. ಆದ್ರೆ ಮೊದಲ ಕಾಲಲ್ಲೇ, "ಮೇಡಂ, ಪ್ರೊಫೈಲಲ್ಲಿ ಪರ್ಮನೆಂಟಾಗಿ ಹಳ್ಳೀಲಿರ್ತೀನಿ ಅಂತ ಹಾಕಿದೀರ, ವೀಕೆಂಡ್ ಫಾರ್ಮ್ ಅಂತ ಮಾಡೋಣ್ವಾ, ರೆಸ್ಪಾನ್ಸ್ ಜಾಸ್ತಿ ಬರುತ್ತೆ" ಅಂದಳು. ಬರುತ್ತೆ, ಗೊತ್ತು. ಆ ರೆಸ್ಪಾನ್ಸ್ ಇಟ್ಕೊಂಡು ನಾನೇನ್ ಮಾಡ್ಲಿ. ಇನ್ನೊಂದ್ಸಲ, "ಒಬ್ರೇ ಹೇಗೆ ಮೇಡಂ ಮ್ಯಾನೇಜ್ ಮಾಡ್ತೀರ, ಮೊದಲು ಮದುವೆ ಮಾಡ್ಕೊಂಡು ಆಮೇಲೆ ಜಮೀನು ನೋಡಬಹುದಿತ್ತು" ಅಂದಳು. ಅವಳಿಗೆ ಹೇಳಿದೆ, ಅಮೆರಿಕದಲ್ಲಿ 1862ರಲ್ಲಿ ಹೋಮ್‌ಸ್ಟೆಡ್ ಕಾಯ್ದೆ ಅಂತ ಬಂತು, 160 ಎಕರೆ ಕೊಡೋರು, ಐದು ವರ್ಷ ಅಲ್ಲೇ ಮನೆ ಮಾಡ್ಕೊಂಡು ಸಾಗುವಳಿ ಮಾಡಬೇಕಿತ್ತು, 21 ದಾಟಿದ ಮದುವೆಯಾಗದ ಹೆಣ್ಣುಮಕ್ಕಳೂ ತಮ್ಮ ಹೆಸರಲ್ಲೇ ಅರ್ಜಿ ಹಾಕಬಹುದಿತ್ತು, ಹಾಕಿ ಜಮೀನು ಮಾಡ್ಕೊಂಡೋರೂ ಇದ್ರು, ಗಂಡನ ಜೊತೆಗಿರೋ ಹೆಂಗಸ್ರಿಗೆ ಮಾತ್ರ ಸಾಮಾನ್ಯವಾಗಿ ಆ ಅವಕಾಶ ಇರ್ಲಿಲ್ಲ, ಅಂದ್ರೆ ಅಲ್ಲಿ ಮೊದಲು ಮದುವೆ ಆಗಿದ್ರೆ ಜಮೀನು ಕೈ ಬಿಟ್ಟಂಗೆ ಅಂತ. ಒಂದು ನಿಮಿಷ ಸುಮ್ನಿದ್ದು "ಓಕೆ ಮೇಡಂ, ಹಾಬೀಸ್‌ನಲ್ಲಿ ಹಿಸ್ಟರಿ ಅಂತ ಸೇರಿಸ್ಲಾ" ಅಂದಳು. ಸೇರಿಸಮ್ಮ ಅಂದೆ.

ಹಿಸ್ಟರಿ ಅಂತ ಬಂದ್ಮೇಲೆ ಇನ್ನೊಂದು, ಇದು ನಂಗೆ ಬಹಳ ಇಷ್ಟ. ಅಚ್ಚಾಗಿರೋ ಮದುವೆ ಜಾಹೀರಾತುಗಳಲ್ಲಿ ತುಂಬಾ ಹಳೇದು ಅಂತ ಹೇಳೋದು 1695ರ ಜುಲೈದು, ಅದು ಬಂದಿದ್ದು ಲಂಡನ್ನಲ್ಲಿ ಜಾನ್ ಹೌಟನ್ ಅನ್ನೋರು ತರ್ತಿದ್ದ ಪತ್ರಿಕೇಲಿ, ಆ ಪತ್ರಿಕೆ ಇದ್ದಿದ್ದೇ ಕೃಷಿ ಮತ್ತೆ ವ್ಯಾಪಾರದ ಬಗ್ಗೆ! ಮೂವತ್ತರ ಆಸುಪಾಸಿನ ಒಬ್ಬ, ತನಗೆ ಒಳ್ಳೇ ಆಸ್ತಿ ಇದೆ ಅಂತ ಹೇಳ್ಕೊಂಡು, ಸುಮಾರು 3,000 ಪೌಂಡ್ ಹಣ ಇರೋ ಹುಡುಗಿ ಸಿಕ್ರೆ ಆಗ್ತೀನಿ ಅಂತ ಹಾಕ್ಸಿದ್ದ. ಇನ್ನೂರು ಮುನ್ನೂರು ಪ್ರೊಫೈಲ್ ನೋಡಿದ ಅನುಭವದಲ್ಲಿ ಹೇಳ್ತೀನಿ, ಮಹಾಶಯ ಇನ್ನೂ ಆಪಲ್ಲಿದಾನೆ.

ಸರಿ, ಜನ ಹೇಗಿದ್ರು. ಕೆಲವರ ಬಗ್ಗೆ ಮಾತ್ರ ಹೇಳ್ತೀನಿ.

ಒಬ್ರು ಸಾಫ್ಟ್‌ವೇರು, ಮಾತು ತುಂಬಾ ಮೃದು, ಮಣ್ಣಿನ ವಾಸನೆ, ಹಕ್ಕಿ ಕೂಗು, ಮೊಬೈಲ್ ಇಲ್ಲದ ಸಂಜೆ ಅಂತ ಉದ್ದುದ್ದ ಮೆಸೇಜ್ ಮಾಡೋರು, ಎರಡು ವಾರ ನಾನೂ ಖುಷಿಯಾಗೇ ಓದಿದೆ. ಆಮೇಲೆ ಒಂದಿನ ಟಾಯ್ಲೆಟ್ ವಿಷಯ ಬಂತು. ನನ್ನ ಶೆಡ್ಡಲ್ಲಿರೋದು ನೀರಿಲ್ಲದ ಕಾಂಪೋಸ್ಟ್ ಟಾಯ್ಲೆಟ್, ಕೂತೆದ್ದ ಮೇಲೆ ಒಂದು ಡಬ್ಬ ಮರದ ಹೊಟ್ಟು ಹಾಕಬೇಕು, ಡ್ರಮ್ಮು ತುಂಬಿದ್ರೆ ಮುಚ್ಚಿ ದಿನಾಂಕ ಬರೆದು ಪಕ್ಕಕ್ಕಿಡಬೇಕು, ಕನಿಷ್ಠ ಒಂದು ವರ್ಷ ಮುಟ್ಟೋ ಹಾಗಿಲ್ಲ ಯಾಕಂದ್ರೆ ಜಂತುಹುಳದ ಮೊಟ್ಟೆ ಅಷ್ಟು ಸುಲಭಕ್ಕೆ ಸಾಯಲ್ಲ, ತಂಪಿನ ಜಾಗ ಆದ್ರೆ ಇನ್ನೂ ಜಾಸ್ತಿ ಬಿಡಬೇಕು, ಆಮೇಲೂ ಹಣ್ಣಿನ ಮರದ ಬುಡಕ್ಕೆ ಹಾಕೋದು ತರಕಾರಿಗೆ ಬೇಡ, ಅಂತೆಲ್ಲಾ ನಾನು ಉತ್ಸಾಹದಲ್ಲಿ ವಾಯ್ಸ್ ನೋಟ್ ಕಳಿಸಿದೆ, ಮೂರು ನಿಮಿಷದ್ದು. ಎರಡು ನೀಲಿ ಗೀಟು ಬಂತು, ಮನುಷ್ಯ ಬರ್ಲಿಲ್ಲ. ಬೇಜಾರಾಯ್ತಾ ಅಂದ್ರೆ ಆಯ್ತು, ಸುಳ್ಳು ಯಾಕೆ. ಆದ್ರೆ ಆ ವಾಯ್ಸ್ ನೋಟನ್ನ ಇಟ್ಕೊಂಡೆ, ಆಮೇಲೆ ಯಾರೇ ಸಿಕ್ಕಿದ್ರೂ ಮೊದಲ ವಾರಾನೇ ಅದನ್ನೇ ಫಾರ್ವರ್ಡ್ ಮಾಡೋದು. ಆಪಿನ ಎಲ್ಲ ಫಿಲ್ಟರ್‌ಗಿಂತ ಚೆನ್ನಾಗಿ ಕೆಲಸ ಮಾಡಿದ ಫಿಲ್ಟರ್ ಅದು.

ಇನ್ನೊಬ್ರು ಆಗ್ಲೇ ಜಮೀನಲ್ಲಿ ಇರೋರು, ನಾಲ್ಕು ಹಸು, ಸ್ವಂತ ತೋಟ, ಫೋನ್ ಮಾಡಿದ ತಕ್ಷಣ ಕೇಳಿದ್ದು ಹಾಲು ಕರೆಯೋಕೆ ಬರುತ್ತಾ ಅಂತ. ಕಲೀತೀನಿ ಅಂದೆ. ಬೆಳಗ್ಗೆ ಐದಕ್ಕೆ ಒಂದು ಸಲ ಸಂಜೆ ಐದಕ್ಕೆ ಒಂದು ಸಲ, ಹಬ್ಬ ಇಲ್ಲ ಜ್ವರ ಇಲ್ಲ, ಎರಡು ವರ್ಷದಿಂದ ಒಂದು ರಾತ್ರಿ ಹೊರಗೆ ಮಲಗಿಲ್ಲ ನಾನು ಅಂದ್ರು. ಮನುಷ್ಯ ಸುಳ್ಳಾಡ್ಲಿಲ್ಲ, ಅದಕ್ಕೆ ಗೌರವ ಇದೆ. ಆದ್ರೆ ಮಾತು ಮುಂದುವರೀತಾ ಗೊತ್ತಾಯ್ತು, ಅವರು ಹುಡುಕ್ತಿರೋದು ಸಂಬಳ ಕೇಳದ ಆಳು. ನನ್ನ ಎರಡು ಎಕರೆ ಏನು ಮಾಡ್ಲಿ ಅಂದಿದ್ದಕ್ಕೆ "ಮಾರಿಬಿಡಿ, ಆ ದುಡ್ಡಲ್ಲಿ ಇಲ್ಲೊಂದು ಕೊಟ್ಟಿಗೆ ದೊಡ್ಡದು ಮಾಡಬಹುದು" ಅಂದ್ರು. ಕೊಟ್ಟಿಗೆ ಯಾರ ಹೆಸರಲ್ಲಿ ಅಂತ ಕೇಳಿದೆ. ನಕ್ಕರು.

ಒಬ್ಬ ಮೋಸಗಾರನೂ ಸಿಕ್ಕಿದ. ಫೋಟೋಲಿ ಟ್ರ್ಯಾಕ್ಟರ್ ಮೇಲೆ ಕೂತಿದಾನೆ, ವಿಡಿಯೋ ಕಾಲ್ ಅಂದ್ರೆ ಪ್ರತಿ ಸಲ ನೆಟ್‌ವರ್ಕ್ ಇಲ್ಲ, ಹಳ್ಳೀಲಿ ಇರೋನು ಅಂದ್ಮೇಲೆ ಆ ನೆಪ ನಂಬೋ ಹಾಗೇ ಇತ್ತು, ನಂಗೂ ಶೆಡ್ಡಲ್ಲಿ ನೆಟ್‌ವರ್ಕ್ ಸಿಗೋದು ನೀರಿನ ಟ್ಯಾಂಕ್ ಸ್ಟ್ಯಾಂಡ್ ಹತ್ತಿದ್ರೆ ಮಾತ್ರ. ಹದಿನೈದು ದಿನಕ್ಕೆ "ಪಕ್ಕದ ಜಮೀನು ಲೀಸ್‌ಗೆ ಬಂದಿದೆ, ನಮ್ಮಿಬ್ಬರಿಗೂ ಆಗುತ್ತೆ, ಅಡ್ವಾನ್ಸ್ ಅರ್ಧ ನೀವು ಹಾಕಿ" ಅಂದ. ಆ "ನಮ್ಮಿಬ್ಬರಿಗೂ" ಅನ್ನೋ ಪದಕ್ಕೆ ಒಂದು ಕ್ಷಣ ಕರಗಿದ್ದು ನಿಜ, ಆಮೇಲೆ ರಿಪೋರ್ಟ್ ಮಾಡಿದೆ. ಎರಡು ದಿನದಲ್ಲಿ ಪ್ರೊಫೈಲ್ ತೆಗ್ದರು, ಫೋನ್ ಮಾಡಿ ವಿಚಾರಿಸಿದ್ರು ಕೂಡ. ಇದಕ್ಕೆ ಒಂದು ಸ್ಟಾರ್ ಪೂರ್ತಿ. ಇನ್ನೊಂದು ಮಾತು, ಒಂಟಿ ಮನೇಲಿ ಇರೋರು ಜಮೀನಿನ ಲೊಕೇಶನ್ ಪಿನ್ ಯಾರಿಗೂ ಬೇಗ ಕಳಿಸಬೇಡಿ, ಫೋನಲ್ಲಿ ತೆಗೆದ ಫೋಟೋ ಫೈಲಿನ ಒಳಗೇ ಜಿಪಿಎಸ್ ಕೂತಿರುತ್ತೆ, ಕ್ಯಾಮೆರಾ ಸೆಟ್ಟಿಂಗಲ್ಲಿ ಲೊಕೇಶನ್ ಆಫ್ ಮಾಡಿ ತೆಗೀರಿ. ಮೊದಲ ಭೇಟಿ ಜಮೀನಲ್ಲಿ ಬೇಡವೇ ಬೇಡ, ನಾಲ್ಕು ಜನ ಇರೋ ಕಡೆ ಮಾಡಿ, ಎಲ್ಲಿ ಹೋಗಿದೀನಿ ಅಂತ ಒಬ್ರಿಗಾದ್ರೂ ಗೊತ್ತಿರ್ಲಿ.

ಈಗ ಆ ಅರ್ಧ ಸ್ಟಾರ್ ವಿಷಯ. ನಾಲ್ಕನೇ ತಿಂಗಳಲ್ಲಿ ಒಬ್ರು ಸಿಕ್ಕಿದ್ರು, ಹೈಸ್ಕೂಲ್ ಮೇಷ್ಟ್ರು, ವಾಯ್ಸ್ ನೋಟ್ ಕಳಿಸಿದ್ದಕ್ಕೆ "ಹೊಟ್ಟಿನ ಬದಲು ಬೂದಿ ಹಾಕಿದ್ರೆ ಆಗುತ್ತಾ" ಅಂತ ಉತ್ತರ ಬಂತು. ಕಾಫಿಗೆ ಅಂತ ಭೇಟಿ ಆದ್ವಿ. ಮೆನು ಕಾರ್ಡ್ ಬರೋಕೂ ಮುಂಚೆ "ನಿಮ್ಮ ಶೆಡ್ಡಿನ ಶೀಟು ಉದ್ದ ಅಗಲ ಎಷ್ಟು" ಅಂತ ಕೇಳಿದ್ರು. ಹನ್ನೆರಡು ಮೀಟರ್, ಐದು ಮೀಟರ್ ಅಂದೆ. ಜೇಬಿಂದ ಪೆನ್ನು ತೆಗ್ದು ಟಿಶ್ಯೂ ಪೇಪರ್ ಮೇಲೆ ಬರೆಯೋಕೆ ಶುರು ಮಾಡಿದ್ರು, ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ರೆ ಒಂದು ಲೀಟರ್, ನಿಮ್ದು 60 ಚದರ ಮೀಟರ್, ವರ್ಷಕ್ಕೆ 1,000 ಮಿಲಿಮೀಟರ್ ಮಳೆ ಅಂತ ಇಟ್ಕೊಳ್ಳಿ, 60,000 ಲೀಟರ್ ಆಯ್ತು, ಶೀಟು ತೊಳೆಯೋಕೆ ಅಂತ ಮೊದಲ ಮಳೆ ಹೊರಗೆ ಬಿಡಬೇಕು, ಸ್ವಲ್ಪ ಸೋರುತ್ತೆ, ಶೇ. 80 ಸಿಕ್ತು ಅಂದ್ರೂ 48,000. ಟಿಶ್ಯೂಗೆ ಶಾಯಿ ಹೀರ್ಕೊಂಡು ಸೊನ್ನೆಗಳೆಲ್ಲ ಊದ್ಕೊಂಡಿದ್ವು. ಒಬ್ರಿಗೆ ದಿನಕ್ಕೆ 60 ಲೀಟರ್ ಅಂತ ಬರೆದು ಭಾಗಾಕಾರದ ಗೀಟು ಎಳೆದು ಪೆನ್ನು ನಿಲ್ಲಿಸಿದ್ರು. ಟಿಶ್ಯೂ ನೋಡ್ತಾನೇ "ಒಬ್ರಿಗೆ ಹಾಕ್ಲಾ, ಇಬ್ರಿಗೆ ಹಾಕ್ಲಾ" ಅಂದ್ರು.

ಎರಡೂ ಹಾಕಿ ಅಂದೆ. ಒಬ್ರಿಗೆ 800 ದಿನ, ಇಬ್ರಿಗೆ 400 ದಿನ. ಆದ್ರೆ ಮಳೆ ದಿನಾ ಬರಲ್ಲ, ಬಂದಾಗ ಹಿಡಿದಿಡೋಕೆ ಅಷ್ಟು ದೊಡ್ಡ ಟ್ಯಾಂಕ್ ಬೇಕು, ಅದು ಇದ್ರೆ ಮಾತ್ರ ಈ ಲೆಕ್ಕ ಅಂತ ಅವರೇ ಕೆಳಗೆ ಸಣ್ಣದಾಗಿ ಬರೆದ್ರು. ಆ ಟಿಶ್ಯೂ ನನ್ನ ಹತ್ರಾನೇ ಇದೆ.

ಆಪ್ ನಮ್ಮಿಬ್ಬರಿಗೆ ಕೊಟ್ಟಿದ್ದ ಹೊಂದಾಣಿಕೆ ಶೇ. 41. ಯಾಕಂದ್ರೆ ನಾನು ಸಿನಿಮಾ ಇಷ್ಟ ಅಂತ ಹಾಕಿದ್ದೆ ಅವರು ಹಾಕಿರ್ಲಿಲ್ಲ, ನಂದು ಉದ್ಯೋಗ ಇತರೆ. ಸಾಫ್ಟ್‌ವೇರ್ ಮಹಾಶಯರ ಜೊತೆ ಶೇ. 92 ಬಂದಿತ್ತು! ನಂಗೆ ಈ ಆಪ್ ಮೇಲೆ ಇರೋ ನಿಜವಾದ ಸಿಟ್ಟು ಇಲ್ಲೇ. ಇಷ್ಟಗಳನ್ನ ಹೊಂದಿಸ್ತಾರೆ, ಕೆಲಸಗಳನ್ನ ಹೊಂದಿಸಲ್ಲ. ಸಿಟೀಲಿ ಗಂಡ ಹೆಂಡತಿ ಬೆಳಗ್ಗೆ ಬೇರೆ ಬೇರೆ ಕಡೆ ಹೋಗಿ ಸಂಜೆ ಸೇರ್ತಾರೆ, ಇಲ್ಲಿ ಹಾಗಲ್ಲ, ಮದುವೆ ಆದೋರೇ ಸಹೋದ್ಯೋಗಿ, ಅವರೇ ವ್ಯಾಪಾರದ ಪಾರ್ಟ್ನರ್, ಅವರೇ ಅಕ್ಕಪಕ್ಕದ ಮನೆಯೋರು ಕೂಡ, ಇಡೀ ದಿನ ಅದೇ ಒಂದು ಮುಖ. ಹಾಗಿದ್ಮೇಲೆ ಬೆಳಗಿನ ಜಾವ ಪಂಪು ಕೆಟ್ರೆ ಯಾರು ಏಳ್ತೀರ, ಪ್ರಾಣಿ ಸಾಕಿದ್ಮೇಲೆ ಊರಿಗೆ ಹೋಗಬೇಕಂದ್ರೆ ಯಾರು ಉಳ್ಕೋತೀರ, ಆಸ್ಪತ್ರೆ ಎಷ್ಟು ದೂರ ಇದ್ರೆ ಧೈರ್ಯವಾಗಿರ್ತೀರ, ಮೊದಲ ಎರಡು ಮೂರು ವರ್ಷ ಬೆಳೆಯಿಂದ ಏನೂ ಬರ್ದೇ ಇದ್ರೆ ಯಾರ ಉಳಿತಾಯ ಕರಗಬೇಕು, ವಯಸ್ಸಾದ ಅಪ್ಪ ಅಮ್ಮ ಬಂದು ಇರ್ತಾರಾ, ಜಮೀನು ಒಬ್ರ ಹೆಸರಲ್ಲಿದ್ದು ಇನ್ನೊಬ್ರ ದುಡ್ಡಲ್ಲಿ ಬೋರ್ ಹಾಕ್ಸಿದ್ರೆ ನಾಳೆ ಬೇರೆ ಆದಾಗ ಆ ಬೋರಿನ ದುಡ್ಡು ಏನಾಗುತ್ತೆ, ಇದರಲ್ಲಿ ಒಂದನ್ನಾದ್ರೂ ಕೇಳಬೇಡ್ವಾ. ಎತ್ತರ ಕೇಳ್ತಾರೆ. ಬೋರ್ ಹಾಕ್ಸೋವಾಗ ಎತ್ತರ ತಗೊಂಡು ಏನ್ ಮಾಡೋದು. ಆ ಕೊನೇ ಪ್ರಶ್ನೆಗಂತೂ ಮದುವೆಗೆ ಮುಂಚೇನೇ ಒಬ್ರು ವಕೀಲರ ಮುಂದೆ ಕೂತು ಕಾಗದ ಮಾಡ್ಕೊಳ್ಳೋದು ಒಳ್ಳೇದು, ನಾನು ಮೇಷ್ಟ್ರಿಗೆ ಎರಡನೇ ಭೇಟೀಲೇ ಹೇಳಿದೆ, ಅವರು ಮುಖ ಸಿಂಡರಿಸಲಿಲ್ಲ, "ಬೋರ್ ಫೇಲ್ ಆದ್ರೆ ಆ ನಷ್ಟಾನೂ ಬರೀಬೇಕಲ್ವಾ" ಅಂದ್ರು.

ಮೊದಲು ಸೆಟ್ಲ್ ಆಗಿ ಆಮೇಲೆ ಹುಡುಕಬೇಕಿತ್ತಾ? ಮ್ಯಾನೇಜರ್ ಹುಡುಗಿ ಅದನ್ನೇ ಹೇಳ್ತಿದ್ಳು, ಮನೇಲೂ ಅದೇ, ಹಗಲು ಗೊಂದಲದಲ್ಲಿ ನಂಗೂ ಅನ್ನಿಸ್ತಿತ್ತು. ಎಲ್ಲಾ ಮುಗಿಸಿ ಕೂತ್ರೆ ಆಮೇಲೆ ಬರೋರು ನೆಂಟರ ಥರ ಬರ್ತಾರೆ, ಪಾತ್ರೆ ಎಲ್ಲಿದೆ ಅಂತ ಕೇಳ್ಕೊಂಡು. ಮೊದಲೇ ಹುಡುಕಿದ್ರೆ ಇಲ್ಲದೇ ಇರೋರಿಗೆ ಮನೆ ಕಟ್ಟಿದಂಗೆ. ಇದು ಸುಮ್ನೆ ತತ್ವದ ಮಾತಲ್ಲ, ಮೇಸ್ತ್ರಿ ದಿನಾ ಬೆಳಗ್ಗೆ ಬಂದು "ಮೇಡಂ, ಒಂದು ರೂಮಾ ಎರಡಾ, ಇವತ್ತು ಹೇಳಿ, ಕಲ್ಲು ತರಿಸಬೇಕು" ಅಂತ ನಿಲ್ಲೋರು. ಏನಂತ ಹೇಳೋದು, ಆಪ್ ತೆಗೆದು ತೋರಿಸ್ಲಾ ಅವರಿಗೆ? ಕೊನೆಗೆ ಪಾಯ ಎರಡಕ್ಕೆ ಹಾಕ್ಸಿ ಗೋಡೆ ಒಂದಕ್ಕೇ ಎಬ್ಬಿಸಿದೀನಿ. ಪಶ್ಚಿಮದ ಕಡೆ ಮೊಣಕಾಲೆತ್ತರ ಕಲ್ಲು ಹಾಗೇ ನಿಂತಿದೆ, ಸದ್ಯಕ್ಕೆ ಅಲ್ಲಿ ಆಡು ಕಟ್ತೀನಿ. ಆಡು ಮಾರೋರು ಒಂದೇ ಕೊಡಲ್ಲ ಅಂದ್ರು, ಹಿಂಡಲ್ಲಿರೋ ಪ್ರಾಣಿ, ಒಂಟಿ ಬಿಟ್ರೆ ಕೂಗಿ ಕೂಗಿ ಮೇವು ಬಿಡುತ್ತೆ ಅಂತ ಎರಡು ಹೊಡ್ಕೊಂಡು ಬಂದೆ. ಫ್ರೆಂಡ್ ಇದಕ್ಕೂ ಏನೋ ಅಂದಳು, ಬರೆಯಲ್ಲ.

ಮೇಷ್ಟ್ರ ವಿಷಯ ಏನಾಯ್ತು ಅಂತ ಕೇಳ್ತೀರ, ಇನ್ನೂ ಏನೂ ಆಗಿಲ್ಲ. ಅವರ ಕೆಲಸ ಇರೋದು ಜಮೀನಿಂದ ಎರಡೂವರೆ ಗಂಟೆ ದೂರ, ಬಿಡೋಕೆ ಅವರು ರೆಡಿ ಇಲ್ಲ, ಬಿಡಿ ಅಂತ ಹೇಳೋಕೆ ನಾನೂ ರೆಡಿ ಇಲ್ಲ, ಇಬ್ಬರಲ್ಲಿ ಒಬ್ರಿಗಾದ್ರೂ ತಿಂಗಳ ಸಂಬಳ ಬರ್ಲಿ ಅನ್ನೋದು ಇಬ್ರಿಗೂ ಗೊತ್ತಿರೋ ಸತ್ಯ. ಮಳೆಗಾಲದಲ್ಲಿ ಬಂದು ಒಂದು ವಾರ ಇದ್ದು ನೋಡ್ತೀನಿ ಅಂದಿದಾರೆ, ಬೇಸಿಗೇಲಿ ಎಲ್ಲಾ ಚೆನ್ನಾಗೇ ಕಾಣುತ್ತೆ, ಕೆಸರಲ್ಲಿ ನೋಡಬೇಕು ಅಂತ ಅವರದ್ದೇ ಮಾತು. ಗಮ್‌ಬೂಟ್ ಸೈಜ್ ಕೇಳಿದೆ, ಒಂಬತ್ತು ಅಂತೆ.

ಕೊನೆಗೆ ದುಡ್ಡಿನ ವಿಷಯ, ಇದನ್ನ ಓದ್ದೇ ಯಾರೂ ಪ್ಯಾಕೇಜ್ ತಗೋಬೇಡಿ. ಆಟೋ ರಿನ್ಯೂವಲ್ ತಾನಾಗೇ ಆನ್ ಆಗಿರುತ್ತೆ, ಸೇರಿದ ದಿನಾನೇ ಆಫ್ ಮಾಡಿ, ಅದು ಆಪ್ ಒಳಗೆ ಸೆಟ್ಟಿಂಗ್ಸಲ್ಲಿ ಸಿಗಲ್ಲ, ಫೋನಿನ ಆಪ್ ಸ್ಟೋರಲ್ಲಿ ಸಬ್‌ಸ್ಕ್ರಿಪ್ಶನ್ ಅಂತ ಇರುತ್ತೆ ಅಲ್ಲಿ ಹೋಗಿ ಮಾಡಬೇಕು. ಆಪ್ ಡಿಲೀಟ್ ಮಾಡಿದ್ರೆ ಸಾಕು ಅಂದ್ಕೊಂಡಿದ್ದೆ, ಆಗಲ್ಲ, ಇನ್ನೊಂದು ಆರು ತಿಂಗಳಿಗೆ ದುಡ್ಡು ಎಳ್ಕೊಂಡ್ರು, ಅಷ್ಟರಲ್ಲಿ ಒಂದು ಸಣ್ಣ ಟ್ಯಾಂಕ್ ಬರೋದು. ಟ್ಯಾಂಕ್ ಸ್ಟ್ಯಾಂಡ್ ಮೇಲೆ ಹತ್ತಿ ನಿಂತು ಕಸ್ಟಮರ್ ಕೇರ್‌ಗೆ ನಾಲ್ಕು ಮೇಲ್ ಹಾಕಿದೀನಿ, ಯಾಕೆ ಕ್ಯಾನ್ಸಲ್ ಮಾಡ್ತಿದೀರ ಅನ್ನೋ ಫಾರ್ಮಲ್ಲಿ "ಒಬ್ರು ಸಿಕ್ಕಿರಬಹುದು, ಇನ್ನೂ ಗೊತ್ತಿಲ್ಲ" ಅಂತ ಪ್ರಾಮಾಣಿಕವಾಗಿ ಬರೆದಿದ್ದೇ ತಪ್ಪಾಯ್ತೇನೋ. ನಿನ್ನೆ ಉತ್ತರ ಬಂತು. ರಿಫಂಡ್ ಬಗ್ಗೆ ಒಂದಕ್ಷರ ಇಲ್ಲ, ಅಭಿನಂದನೆಗಳು, ನಿಮ್ಮ ಸಕ್ಸಸ್ ಸ್ಟೋರಿ ಫೋಟೋ ಸಮೇತ ಕಳಿಸಿ ಅಂತ ಒಂದು ಲಿಂಕ್. ಗಮ್‌ಬೂಟ್ ಟವೆಲ್ ಫೋಟೋನೇ ಕಳಿಸಿದೀನಿ, ನೋಡೋಣ ಈ ಸಲ ಅಪ್ರೂವ್ ಮಾಡ್ತಾರಾ ಅಂತ.